ಕೈಕಾಲು ತಣ್ಣಗಾಗುವ ಹಿಯೆಶೋ: ಜಪಾನಿನ ಕಂಪೋ ವೈದ್ಯದ ದಾರಿಯಲ್ಲಿ ಹಂತ ಹಂತವಾಗಿ

ಎರಡು ಕಂಬಳಿ ಹೊದ್ದು ಮಲಗಿದರೂ ಪಾದ ಬೆಚ್ಚಗಾಗದೆ ನಿದ್ದೆ ಹತ್ತದವರಿದ್ದಾರೆ. ಪಕ್ಕದವರು ಫ್ಯಾನು ಹಾಕಿ ಎನ್ನುವ ಹೊತ್ತಿಗೆ ಶಾಲು ಹುಡುಕುವವರಿದ್ದಾರೆ. ಇವರಲ್ಲಿ ಹೆಚ್ಚಿನವರು ಹೆಂಗಸರು. ರಕ್ತಪರೀಕ್ಷೆಯ ವರದಿ ಸರಿಯಾಗಿ ಬಂದರೆ ಅವರಿಗೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: ‘ನಿಮಗೇನೂ ಆಗಿಲ್ಲ, ಸಾಕ್ಸ್ ಹಾಕಿಕೊಳ್ಳಿ’. ಜಪಾನಿನಲ್ಲಿ ಇದೇ ದೂರಿಗೆ ಹಿಯೆಶೋ ಎಂಬ ಹೆಸರಿದೆ. ಅಲ್ಲಿನ ಸಾಂಪ್ರದಾಯಿಕ ವೈದ್ಯ ಪದ್ಧತಿಯಾದ ಕಂಪೋದಲ್ಲಿ ಅದನ್ನು ವಿಚಾರಿಸುವ ಕ್ರಮವಿದೆ, ಬರೆದುಕೊಡಲು ಔಷಧವಿದೆ. ಮನೆಯಲ್ಲಿ ಪಾಲಿಸುವ ರೂಢಿಗಳಂತೂ ಹಲವಾರು ಇವೆ.

ಕಂಪೋದ ಬೇರು ಚೀನಾದಲ್ಲಿದೆ. ಕ್ರಿ.ಶ. 200ರ ಆಸುಪಾಸಿನಲ್ಲಿ ಸಂಕಲನಗೊಂಡ ಚೀನೀ ವೈದ್ಯಗ್ರಂಥಗಳ ಸೂತ್ರಗಳು, ಅಂದರೆ ಹಲವು ದ್ರವ್ಯ ಸೇರಿಸಿ ಔಷಧ ಮಾಡುವ ವಿಧಿಗಳು, ಇಂದಿಗೂ ಅದರ ಆಧಾರ. ಆದರೆ ಶೋಗುನರು ಆಳಿದ ಎದೊ ಕಾಲದಲ್ಲಿ (1603–1868), ಅದರಲ್ಲೂ 18ನೇ ಶತಮಾನದಲ್ಲಿ, ಅದು ತನ್ನದೇ ರೂಪ ಪಡೆಯಿತು. ಅದಾದ ಮೇಲೆ ಬಂದ ಮೇಜಿ ಸರ್ಕಾರ 1874ರಿಂದ ಪಾಶ್ಚಾತ್ಯ ವೈದ್ಯವನ್ನೇ ವೃತ್ತಿಯ ಅರ್ಹತೆಯಾಗಿ ಮಾಡುತ್ತ ಹೋದಾಗ ಕಂಪೋ ಬಹುತೇಕ ಅಳಿವಿನ ಅಂಚಿಗೆ ಬಂತು. 1967ರಲ್ಲಿ ಕೆಲವು ಕಂಪೋ ಔಷಧಗಳು ರಾಷ್ಟ್ರೀಯ ಆರೋಗ್ಯ ವಿಮೆಯೊಳಗೆ ಬಂದವು, 1976ರಲ್ಲಿ ಆ ಪಟ್ಟಿ ದೊಡ್ಡದಾಯಿತು, ಈಗ ಅದರಲ್ಲಿ 148 ಸೂತ್ರಗಳಿವೆ. ಇವತ್ತು ಜಪಾನಿನಲ್ಲಿ ಕಂಪೋ ಔಷಧ ಬರೆಯುವವರು ಆಧುನಿಕ ವೈದ್ಯಪದವಿ ಪಡೆದ ವೈದ್ಯರೇ. ಒಂದೇ ಕೋಣೆಯಲ್ಲಿ ಥೈರಾಯ್ಡ್ ಪರೀಕ್ಷೆಗೂ ಬರೆದುಕೊಟ್ಟು, ನಾಲಿಗೆಯನ್ನೂ ನೋಡುತ್ತಾರೆ. ನನಗೆ ಈ ಪದ್ಧತಿಯ ಮೇಲೆ ವಿಶ್ವಾಸ ಹುಟ್ಟಿದ್ದು ಈ ಕಾರಣಕ್ಕೆ.

ಮುಂದಿರುವ ಹಂತಗಳನ್ನು ಜಪಾನಿನಲ್ಲಿ ನೆಲೆಸಿರುವ ಕನ್ನಡಿಗರನ್ನೂ, ಊರಿನಲ್ಲೇ ಇದ್ದು ಈ ತೊಂದರೆ ಅನುಭವಿಸುವವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹಿಯೆಶೋಗೆ ಇಂಥದ್ದೇ ಒಂದು ಔಷಧ ಎಂಬುದಿಲ್ಲ. ಯಾವ ಜಾಗ ತಣ್ಣಗಿದೆ, ಬಿಸಿ ಅಲ್ಲಿಗೆ ಏಕೆ ತಲುಪುತ್ತಿಲ್ಲ ಎಂಬುದು ಗೊತ್ತಾಗುವ ಮೊದಲು ಔಷಧದ ಮಾತೆತ್ತುವುದು ಕಂಪೋದಲ್ಲಿ ಕ್ರಮವೇ ಅಲ್ಲ.

ಹಂತ 1: ಬೇರೆ ಕಾಯಿಲೆ ಇಲ್ಲವೆಂದು ಖಚಿತಪಡಿಸಿಕೊಳ್ಳಿ

ತಣ್ಣನೆಯ ಕೈಕಾಲಿನ ಹಿಂದೆ ರಕ್ತಹೀನತೆ ಇರಬಹುದು, ಥೈರಾಯ್ಡ್ ಗ್ರಂಥಿಯ ಮಂದಗತಿ ಇರಬಹುದು. ಇವೆರಡೂ ನಮ್ಮ ಹೆಣ್ಣುಮಕ್ಕಳಲ್ಲಿ ತೀರ ಸಾಮಾನ್ಯ. ಸರಳ ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತವೆ, ಚಿಕಿತ್ಸೆಯೂ ಇದೆ. ಮಧುಮೇಹಿಗಳಿಗೆ ನರಗಳ ಹಾನಿಯಿಂದ ಪಾದ ತಣ್ಣಗಾದಂತೆ ಅನ್ನಿಸಬಹುದು. ರಕ್ತದೊತ್ತಡಕ್ಕೂ ಹೃದಯಕ್ಕೂ ಕೊಡುವ ಬೀಟಾ ಬ್ಲಾಕರ್ ಮಾತ್ರೆಗಳು ಕೈಕಾಲು ತಣ್ಣಗಾಗಿಸುವುದುಂಟು.

ಮೂರು ಸೂಚನೆಗಳನ್ನು ಮಾತ್ರ ಎಂದೂ ಕಡೆಗಣಿಸಬೇಡಿ. ಮೊದಲನೆಯದು, ಚಳಿ ತಾಗಿದೊಡನೆ ಬೆರಳುಗಳು ಬೆಳ್ಳಗೆ ಬಿಳಿಚಿ, ನಂತರ ನೀಲಿಯಾಗಿ, ಕೊನೆಗೆ ಕೆಂಪಾಗಿ ಜುಮುಗುಡುವುದು. ಇದು ರೇನೋ ತೊಂದರೆಯ ಲಕ್ಷಣ, ಕೆಲವೊಮ್ಮೆ ಚರ್ಮ ಬಿಗಿಯುವ ಸ್ಕ್ಲೀರೋಡರ್ಮಾದಂಥ ಕಾಯಿಲೆಯ ಮುನ್ಸೂಚನೆಯೂ ಆಗಿರುತ್ತದೆ. ಎರಡನೆಯದು, ಒಂದೇ ಕಾಲು ತಣ್ಣಗಿದ್ದು ನಡೆದರೆ ಮೀನಖಂಡ ಹಿಡಿದುಕೊಂಡು, ನಿಂತರೆ ಕಡಿಮೆಯಾಗುವುದು. ಕಾಲಿನ ರಕ್ತನಾಳ ಕಟ್ಟಿಕೊಳ್ಳುತ್ತಿರುವಾಗ ಹೀಗಾಗುತ್ತದೆ, ಧೂಮಪಾನಿಗಳಲ್ಲಿ ಹೆಚ್ಚು. ಮೂರನೆಯದು, ಬೆರಳ ತುದಿಯಲ್ಲಿ ಮಾಯದ ಹುಣ್ಣು. ಈ ಮೂರರಲ್ಲಿ ಯಾವುದಿದ್ದರೂ ಶುಂಠಿ ಕಷಾಯವನ್ನೂ ಕಂಪೋವನ್ನೂ ಬದಿಗಿಟ್ಟು ವೈದ್ಯರ ಬಳಿ ಹೋಗಿ.

ಇವೆಲ್ಲ ಇಲ್ಲವೆಂದಾದ ಮೇಲೂ ಚಳಿ ಉಳಿದಿದೆಯೇ? ಹಾಗಿದ್ದರೆ ಮುಂದಿನ ಹಂತ ನಿಮಗೆ.

ಹಂತ 2: ಎಲ್ಲಿ, ಯಾವಾಗ ತಣ್ಣಗಾಗುತ್ತದೆ ಎಂದು ಬರೆದಿಡಿ

ಒಂದು ವಾರ ಸಾಕು. ಬೆಳಗ್ಗೆ ಎದ್ದಾಗ, ಮಧ್ಯಾಹ್ನ, ಮಲಗುವ ಮುನ್ನ ಕೈಯನ್ನು ಪಾದ, ಮೊಣಕಾಲು, ತೊಡೆ, ಹೊಕ್ಕುಳಿನ ಕೆಳಭಾಗ, ಸೊಂಟ, ಕೆನ್ನೆ ಇವುಗಳ ಮೇಲೆ ಇಟ್ಟು ನೋಡಿ. ಮುಟ್ಟಿದಾಗ ತಣ್ಣಗಿದೆಯೋ ಅಥವಾ ಮುಟ್ಟಿದರೆ ಬೆಚ್ಚಗಿದ್ದರೂ ಒಳಗಿನಿಂದ ಚಳಿಯೋ, ಇದನ್ನು ಬೇರೆ ಬೇರೆಯಾಗಿ ಬರೆಯಿರಿ. ಜೊತೆಗೆ ಮೂತ್ರಕ್ಕೆ ಎಷ್ಟು ಸಲ ಎದ್ದಿರಿ, ಮಲ ಸಡಿಲವೋ ಗಟ್ಟಿಯೋ, ಸಂಜೆ ಕಾಲು ಊದಿತ್ತೋ, ಮುಟ್ಟಿನ ದಿನಗಳಲ್ಲಿ ಹೆಚ್ಚಾಯಿತೋ, ತಣ್ಣೀರು ಬೇಕೆನಿಸಿತೋ ಬಿಸಿನೀರೋ ಎಂಬುದನ್ನೂ ಸೇರಿಸಿ.

ಜಪಾನಿನಲ್ಲಿ ಈ ಚಳಿಯನ್ನು ಸ್ಥೂಲವಾಗಿ ನಾಲ್ಕು ಬಗೆಯಾಗಿ ನೋಡುವ ರೂಢಿ ಇದೆ.

ಕೈಕಾಲಿನ ತುದಿಗಳು ಮಾತ್ರ ತಣ್ಣಗಾಗುವುದು ಒಂದು ಬಗೆ. ತೆಳ್ಳಗಿರುವ, ಊಟ ಕಡಿಮೆ ಮಾಡುವ ಹುಡುಗಿಯರಲ್ಲಿ ಇದು ಹೆಚ್ಚು. ದೇಹದಲ್ಲಿ ಬಿಸಿ ಕಡಿಮೆ ಹುಟ್ಟಿದಾಗ ಮೊದಲು ಒಳಾಂಗಗಳನ್ನು ಕಾಪಾಡಿಕೊಳ್ಳಲು ತುದಿಯ ರಕ್ತನಾಳಗಳು ಮುಚ್ಚಿಕೊಳ್ಳುತ್ತವೆ. ಇಂಥವರಿಗೆ ಎಷ್ಟು ದಪ್ಪ ಸಾಕ್ಸ್ ಹಾಕಿದರೂ ಪ್ರಯೋಜನ ಅಷ್ಟಕ್ಕಷ್ಟೇ, ಏಕೆಂದರೆ ಸಾಕ್ಸ್ ಇರುವ ಬಿಸಿಯನ್ನು ಹಿಡಿದಿಡುತ್ತದೆಯೇ ಹೊರತು ಹೊಸದಾಗಿ ಹುಟ್ಟಿಸುವುದಿಲ್ಲ.

ಸೊಂಟದಿಂದ ಕೆಳಗೆ ತಣ್ಣಗಿದ್ದು ಮುಖ, ತಲೆ ಬಿಸಿಯಾಗುವುದು ಎರಡನೆಯದು. ಜಪಾನೀಯರು ಇದನ್ನು ಹಿಯೆನೊಬೊಸೆ ಎನ್ನುತ್ತಾರೆ. ದಿನವಿಡೀ ಕುರ್ಚಿಯಲ್ಲಿ ಕೂತು ಕೆಲಸ ಮಾಡುವವರಲ್ಲೂ ಮುಟ್ಟು ನಿಲ್ಲುವ ವಯಸ್ಸಿನವರಲ್ಲೂ ಕಾಣುತ್ತದೆ. ಮುಖಕ್ಕೆ ಬೆವರು ಬರುವುದರಿಂದ ‘ನನಗೆ ಉಷ್ಣದ ದೇಹ’ ಎಂದು ತಿಳಿದು ಇನ್ನಷ್ಟು ತಂಪಿನದನ್ನೇ ತಿನ್ನುವವರು ಹಲವರು. ನಮ್ಮ ಕಡೆ ಉಷ್ಣ, ಶೀತ ಎಂದು ಇಡೀ ದೇಹಕ್ಕೇ ಒಂದು ಹೆಸರು ಹಚ್ಚಿಬಿಡುವ ಅಭ್ಯಾಸ ಇರುವುದರಿಂದ ಕನ್ನಡದ ಓದುಗರು ಈ ಬಗೆಯನ್ನು ವಿಶೇಷವಾಗಿ ಗಮನಿಸಬೇಕು. ಮೇಲೆ ಬಿಸಿ ಇದ್ದ ಮಾತ್ರಕ್ಕೆ ಕೆಳಗೂ ಬಿಸಿ ಇರಬೇಕೆಂದಿಲ್ಲ.

ಮೂರನೆಯದು ಒಳಗಿನ ಚಳಿ. ಕೈ ಮುಟ್ಟಿದರೆ ಬೆಚ್ಚಗೇ ಇರುತ್ತದೆ, ಆದರೆ ಹೊಟ್ಟೆ ತಣ್ಣಗೆ. ಐಸ್‌ಕ್ರೀಂ ತಿಂದರೆ ಭೇದಿ, ಹೊಟ್ಟೆ ಉಬ್ಬರ, ಸುಸ್ತು. ‘ನನಗೆ ಚಳಿಯೇ ಇಲ್ಲ’ ಎಂದು ಇವರೇ ವಾದಿಸುವುದರಿಂದ ಗುರುತಿಸುವುದು ಕಷ್ಟ. ನಾಲ್ಕನೆಯದರಲ್ಲಿ ಬೇಸಿಗೆಯಲ್ಲೂ ಇಡೀ ದೇಹ ತಣ್ಣಗಿರುತ್ತದೆ. ವಯಸ್ಸಾದವರು, ದೊಡ್ಡ ಕಾಯಿಲೆಯಿಂದ ಎದ್ದವರು, ಹುಟ್ಟಿನಿಂದಲೇ ಶಕ್ತಿ ಕಡಿಮೆ ಇರುವವರು ಈ ಗುಂಪಿನವರು.

ಹಂತ 3: ವೈದ್ಯರ ಕೋಣೆಯಲ್ಲಿ ಏನು ನಡೆಯುತ್ತದೆ ಎಂದು ತಿಳಿದು ಹೋಗಿ

ಜಪಾನಿನಲ್ಲಿರುವವರು ‘ಕಂಪೋ ನಾಯ್‌ಕಾ’ (ಕಂಪೋ ಔಷಧ ಕೊಡುವ ವಿಭಾಗ) ಎಂಬ ಫಲಕವಿರುವ ಚಿಕಿತ್ಸಾಲಯ ಹುಡುಕಬೇಕು. ದೊಡ್ಡ ಆಸ್ಪತ್ರೆಗಳಲ್ಲೂ ವಿಶ್ವವಿದ್ಯಾಲಯದ ಆಸ್ಪತ್ರೆಗಳಲ್ಲೂ ಕಂಪೋ ವಿಭಾಗ ಇರುವುದುಂಟು. ಸ್ತ್ರೀರೋಗ ತಜ್ಞರೂ ಈ ಔಷಧಗಳನ್ನು ಧಾರಾಳವಾಗಿ ಬರೆಯುತ್ತಾರೆ. ವಿಮೆಯ ಪಟ್ಟಿಯಲ್ಲಿರುವ ಔಷಧವಾದರೆ ದುಡಿಯುವ ವಯಸ್ಸಿನವರು ಖರ್ಚಿನ ಶೇ. 30ನ್ನು ಮಾತ್ರ ಕೊಟ್ಟರಾಯಿತು.

ಭಾಷೆ ಬಾರದಿದ್ದರೆ ಕೆಲವೇ ಮಾತು ಕಲಿತು ಹೋಗಿ. ‘ತೆಆಶಿ ಗ ಹಿಎಮಾಸು’ ಎಂದರೆ ಕೈಕಾಲು ತಣ್ಣಗಾಗುತ್ತದೆ. ಮುಖಕ್ಕೆ ಬಿಸಿ ಏರುವುದು ನೊಬೊಸೆ, ಊತ ಮುಕುಮಿ, ಚಳಿಗೆ ಬೆರಳು ಊದಿ ಕೆರೆಯುವುದು ಶಿಮೊಯಾಕೆ. ಎರಡನೇ ಹಂತದಲ್ಲಿ ಬರೆದಿಟ್ಟ ಹಾಳೆಯನ್ನು ಮರೆಯದೆ ಒಯ್ಯಿರಿ. ತುಟಿಗೆ ಬಣ್ಣ, ಉಗುರಿಗೆ ಬಣ್ಣ ಅಂದು ಬೇಡ, ವೈದ್ಯರು ಅವುಗಳ ನಿಜವಾದ ಬಣ್ಣ ನೋಡಬೇಕು. ಕಾಫಿ ಕುಡಿದು ಹೋದರೆ ನಾಲಿಗೆಯ ಮೇಲಿನ ಪದರದ ಬಣ್ಣ ಬದಲಾಗಿರುತ್ತದೆ. ಹೊಟ್ಟೆ ಮುಟ್ಟಿ ನೋಡುವುದರಿಂದ ಇಡೀ ಉಡುಪಿನ ಬದಲು ಮೇಲುಡುಗೆ ಬೇರೆ, ಕೆಳಉಡುಪು ಬೇರೆ ಇರುವ ಬಟ್ಟೆ ಅನುಕೂಲ.

ವೈದ್ಯರು ಮೊದಲು ಪ್ರಶ್ನೆ ಕೇಳುತ್ತಾರೆ. ನಂತರ ನಾಡಿ ಹಿಡಿಯುತ್ತಾರೆ, ನಾಲಿಗೆ ನೋಡುತ್ತಾರೆ. ನಾಲಿಗೆಯ ಅಂಚಿನಲ್ಲಿ ಹಲ್ಲಿನ ಗುರುತು ಸಾಲಾಗಿ ಮೂಡಿದ್ದರೆ ದೇಹದಲ್ಲಿ ನೀರು ಸರಿಯಾಗಿ ಹಂಚಿಕೆಯಾಗುತ್ತಿಲ್ಲವೆಂದು ತಿಳಿಯುತ್ತಾರೆ. ನಾಲಿಗೆ ಎತ್ತಿಸಿ ನೋಡಿದಾಗ ಅಡಿಯ ಸಿರೆಗಳು ನೇರಳೆಯಾಗಿ ಉಬ್ಬಿದ್ದರೆ ರಕ್ತದ ಓಟ ನಿಂತುನಿಂತು ಸಾಗುತ್ತಿದೆ ಎನ್ನುತ್ತಾರೆ.

ಆಮೇಲಿನದು ಹೊಟ್ಟೆಯ ಪರೀಕ್ಷೆ, ಜಪಾನೀ ವೈದ್ಯದ ಹೆಮ್ಮೆ. 18ನೇ ಶತಮಾನದ ವೈದ್ಯ ಯೋಶಿಮಾಸು ತೋದೋ (1702–1773) ಎಲ್ಲ ಕಾಯಿಲೆಯ ಬೇರೂ ಹೊಟ್ಟೆಯಲ್ಲಿದೆ, ಹೊಟ್ಟೆ ಮುಟ್ಟದೆ ರೋಗ ನಿರ್ಣಯ ಮಾಡಬಾರದು ಎಂದು ಹಟ ಹಿಡಿದವರು. ಆ ಪದ್ಧತಿ ಇಂದಿಗೂ ನಡೆದಿದೆ. ಆಧುನಿಕ ಆಸ್ಪತ್ರೆಯಲ್ಲಿ ಹೊಟ್ಟೆ ನೋಡುವಾಗ ಮೊಣಕಾಲು ಮಡಚಿಸುತ್ತಾರೆ, ಕಂಪೋದಲ್ಲಿ ಕಾಲು ನೀಡಿಸಿ ಮಲಗಿಸುತ್ತಾರೆ, ಏಕೆಂದರೆ ಹೊಟ್ಟೆಯ ಸ್ನಾಯುವಿನ ಬಿಗಿತವೂ ಅವರಿಗೆ ಒಂದು ಸುಳಿವು. ಅಂಗೈಯನ್ನು ಮೊದಲು ಸುಮ್ಮನೆ ಹೊಟ್ಟೆಯ ಮೇಲಿಟ್ಟು ಎಲ್ಲಿ ತಣ್ಣಗಿದೆ ಎಂದು ಅರಿಯುತ್ತಾರೆ. ಮೇಲುಹೊಟ್ಟೆಯನ್ನು ಬೆರಳಿನಿಂದ ಮೃದುವಾಗಿ ತಟ್ಟಿದಾಗ ನೀರು ಕುಲುಕಿದ ‘ಚಪ್ ಚಪ್’ ಸದ್ದು ಕೇಳಿದರೆ ಜಠರ ದುರ್ಬಲ, ನೀರು ನಿಂತಿದೆ ಎಂದರ್ಥ. ಹೊಕ್ಕುಳಿನ ಪಕ್ಕದಲ್ಲಿ ಓರೆಯಾಗಿ ಒತ್ತಿದಾಗ ಚುರುಕ್ಕೆಂದು ನೋವಾದರೆ ಅದು ರಕ್ತದ ಓಟ ಮಂದವಾಗಿ ನಿಲ್ಲುವ ಒಕೆತ್ಸು ಎಂಬ ಸ್ಥಿತಿಯ ಗುರುತು. ಹೊಕ್ಕುಳಿನ ಕೆಳಗೆ ಕೈಗೆ ಆಧಾರವೇ ಸಿಗದಷ್ಟು ಮೆತ್ತಗಿದ್ದರೆ ವಯಸ್ಸಿನಿಂದ ಬಂದ ಶಕ್ತಿನಾಶವೆಂದು ಭಾವಿಸುತ್ತಾರೆ.

ಇವೆಲ್ಲವನ್ನೂ ಕಿ, ಕೆತ್ಸು, ಸುಯ್ ಎಂಬ ಮೂರು ತತ್ವಗಳ ಮೂಲಕ ಓದುತ್ತಾರೆ: ಚೈತನ್ಯ, ರಕ್ತ, ನೀರು. ಕಿ ಕಡಿಮೆಯಾದರೆ ಬಿಸಿ ಹುಟ್ಟುವುದಿಲ್ಲ. ಕೆತ್ಸು ಕಡಿಮೆಯಾದರೆ ಬಿಸಿಯನ್ನು ಹೊತ್ತೊಯ್ಯುವವರಿಲ್ಲ, ನಿಂತರೆ ತುದಿ ತಲುಪುವುದಿಲ್ಲ. ಸುಯ್ ಒಂದೆಡೆ ನಿಂತರೆ ಒದ್ದೆ ಬಟ್ಟೆ ಉಟ್ಟಂತೆ ಆ ಜಾಗ ತಣ್ಣಗಾಗುತ್ತದೆ. ಆಯುರ್ವೇದದ ವಾತ ಪಿತ್ತ ಕಫಗಳಿಗೆ ಇವನ್ನು ಒಂದಕ್ಕೊಂದು ಹೊಂದಿಸಲು ಹೋಗಬೇಡಿ, ಲೆಕ್ಕ ತಪ್ಪುತ್ತದೆ.

ಹಂತ 4: ನಿಮ್ಮ ಔಷಧವನ್ನು ಅರ್ಥ ಮಾಡಿಕೊಳ್ಳಿ

ಇಲ್ಲಿ ಹೇಳುವುದು ನೀವೇ ಆರಿಸಿಕೊಂಡು ಕೊಳ್ಳಲಿ ಎಂದಲ್ಲ. ನಿಮಗೆ ಬರೆದುಕೊಟ್ಟದ್ದನ್ನು ಏಕೆ ಬರೆದಿದ್ದಾರೆ ಎಂದು ತಿಳಿದರೆ ಸರಿಯಾದ ಪ್ರಶ್ನೆ ಕೇಳಬಹುದು, ಅದಕ್ಕಾಗಿ.

ಬೆರಳ ತುದಿಗಳು ತಣ್ಣಗಾಗಿ ಪ್ರತಿ ಚಳಿಗಾಲ ಶಿಮೊಯಾಕೆ ಆಗುವವರಿಗೆ, ಚಳಿಗೆ ಕಿಬ್ಬೊಟ್ಟೆ ನೋಯುವವರಿಗೆ ಬರೆಯುವುದು ಬಾಯಿ ತುಂಬ ಹೆಸರಿನ ತೋಕಿಶಿಗ್ಯಾಕುಕಾಗೋಶುಯುಶೋಕ್ಯೋತೋ. ಒಂಬತ್ತು ದ್ರವ್ಯಗಳ ಈ ಸೂತ್ರದ ಮುಖ್ಯ ದ್ರವ್ಯ ತೋಕಿ. ನಮ್ಮ ಕೊತ್ತಂಬರಿ, ಜೀರಿಗೆಯ ಕುಟುಂಬಕ್ಕೇ ಸೇರಿದ ಗಿಡದ ಬೇರದು. ನಾರಾ ಸೀಮೆಯ ಯಾಮಾತೋ ತೋಕಿಗೆ ಹಳೆಯ ಖ್ಯಾತಿ ಇದೆ. ಜೊತೆಗೆ ದಾಲ್ಚಿನ್ನಿ ಜಾತಿಯ ತೊಗಟೆ, ಶುಂಠಿ, ಖರ್ಜೂರದಂತೆ ಕಾಣುವ ಎಲಚಿ ಜಾತಿಯ ಹಣ್ಣು, ಗೋಶುಯು ಎಂಬ ಕಟುವಾದ ಕಾಯಿ ಇವೆಲ್ಲ ಸೇರುತ್ತವೆ. ಗೋಶುಯುವಿನಿಂದಾಗಿ ಇದು ತೀರ ಕಹಿ.

ಬಿಳಿಚಿಕೊಂಡು, ಮೈಯಲ್ಲಿ ಕಸುವಿಲ್ಲದೆ, ಸಂಜೆಗೆ ಕಾಲು ಊದಿ, ತಲೆ ಸುತ್ತಿ, ಮುಟ್ಟಿನ ತೊಂದರೆಯೂ ಇರುವ ಹೆಂಗಸಿಗೆ ತೋಕಿಶಾಕುಯಾಕುಸಾನ್. ಆರು ದ್ರವ್ಯಗಳಲ್ಲಿ ಮೂರು ರಕ್ತಕ್ಕಾಗಿ, ಮೂರು ನೀರಿಗಾಗಿ, ಹಂಚಿಕೆ ಅಷ್ಟು ಸ್ಪಷ್ಟ. ಇದಕ್ಕೆ ಎದುರಾಗಿ ಗಟ್ಟಿಮುಟ್ಟಾಗಿದ್ದು, ಮುಖ ಕೆಂಪಗೆ, ಪಾದ ತಣ್ಣಗೆ, ಹೊಕ್ಕುಳಿನ ಪಕ್ಕ ಒತ್ತಿದರೆ ನೋವು ಎನ್ನುವವರಿಗೆ ಕೇಯ್‌ಶಿಬುಕುರ್ಯೋಗಾನ್. ಪೀಚ್ ಬೀಜದ ತಿರುಳು, ಪಿಯೋನಿ ಎಂಬ ಹೂಗಿಡದ ಬೇರಿನ ತೊಗಟೆ ಇದರಲ್ಲಿದ್ದು ನಿಂತ ರಕ್ತವನ್ನು ಹರಿಸುತ್ತವೆ ಎಂಬುದು ಸಿದ್ಧಾಂತ. ಆದ್ದರಿಂದಲೇ ಗರ್ಭಿಣಿಯರಿಗೆ ಇದನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಇಬ್ಬರ ದೂರೂ ‘ಪಾದ ತಣ್ಣಗೆ’ ಎಂಬುದೇ, ಔಷಧ ಮಾತ್ರ ಪೂರ್ತಿ ಬೇರೆ. ಗೆಳತಿಗೆ ಗುಣ ಕೊಟ್ಟ ಪೊಟ್ಟಣವನ್ನು ಎರವಲು ಪಡೆದು ಕುಡಿಯಬಾರದು ಎನ್ನುವುದು ಇದಕ್ಕೇ.

ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಮುಖಕ್ಕೆ ಬಿಸಿ ಏರಿ, ಸಿಡುಕು, ನಿದ್ದೆಗೇಡು, ಜೊತೆಗೆ ತಣ್ಣನೆಯ ಕಾಲು ಇದ್ದರೆ ಕಾಮಿಶೋಯೋಸಾನ್. ತುಟಿ ಒಣಗಿ, ಅಂಗೈ ಬಿಸಿಯಾಗಿ, ಕಿಬ್ಬೊಟ್ಟೆ ತಣ್ಣಗಿದ್ದರೆ ಉನ್‌ಕೇಯ್‌ತೋ. ಸಸ್ಯಾಹಾರಿಗಳು ಇಲ್ಲಿ ಎಚ್ಚರ ವಹಿಸಬೇಕು: ಉನ್‌ಕೇಯ್‌ತೋದಲ್ಲಿ ಅಕ್ಯೋ ಎಂಬ, ಕತ್ತೆಯ ಚರ್ಮದಿಂದ ತೆಗೆದ ಅಂಟು ಇದೆ. ಕೆಲವು ಬೇರೆ ಸೂತ್ರಗಳಲ್ಲಿ ಸಿಂಪಿ ಚಿಪ್ಪೂ ಇರುತ್ತದೆ. ಕಂಪೋ ಎಂದರೆ ಬರೀ ಗಿಡಮೂಲಿಕೆ ಎಂಬ ನಂಬಿಕೆಯಿಂದ ನಮ್ಮವರು ಕೇಳುವುದೇ ಇಲ್ಲ, ವೈದ್ಯರಾಗಿ ಹೇಳುವುದೂ ಅಪರೂಪ. ಹಾಲಿನ ಸಕ್ಕರೆ ಜೀರ್ಣವಾಗದವರು ಅದನ್ನೂ ತಿಳಿಸಬೇಕು, ಹರಳು ರೂಪದ ಹಲವು ಕಂಪೋ ಔಷಧಗಳಲ್ಲಿ ಲ್ಯಾಕ್ಟೋಸ್ ಸೇರಿಸುತ್ತಾರೆ.

ಹೊಟ್ಟೆಯ ಚಳಿಗೆ ನಿನ್‌ಜಿನ್‌ತೋ. ಜಿನ್‌ಸೆಂಗ್, ಅತಿಮಧುರ, ಒಂದು ಗೆಡ್ಡೆ, ಮತ್ತು ಹಬೆಯಲ್ಲಿ ಬೇಯಿಸಿ ಒಣಗಿಸಿದ ಶುಂಠಿ, ನಾಲ್ಕೇ ದ್ರವ್ಯ. ಹೊಟ್ಟೆ ತಣ್ಣಗಾಗಿ ಕರುಳು ಹೊರಳಿದಂತೆ ನೋಯುವವರಿಗೆ ದಾಯ್‌ಕೆನ್‌ಚೂತೋ. ಶಸ್ತ್ರಚಿಕಿತ್ಸೆಯ ನಂತರ ಕರುಳು ಚಲಿಸಲೆಂದು ಜಪಾನಿನ ಶಸ್ತ್ರವೈದ್ಯರೂ ಇದನ್ನು ಬಳಸುತ್ತಾರೆ. ಸೊಂಟದಿಂದ ಕೆಳಗೆ ನೀರಿನಲ್ಲಿ ಕೂತಂತೆ ತಣ್ಣಗೆ, ಭಾರವಾಗಿ, ಮೂತ್ರ ಪದೇಪದೇ ಆದರೆ ರ್ಯೋಕ್ಯೋಜುತ್ಸುಕಾನ್‌ತೋ. ಇಡೀ ಮೈ ತಣ್ಣಗಾದ ದುರ್ಬಲರಿಗೆ ಶಿಂಬುತೋ, ರಾತ್ರಿ ಮೂತ್ರಕ್ಕೆ ಏಳುವ, ಸೊಂಟ ಕಾಲು ಸೋತ ವಯಸ್ಸಾದವರಿಗೆ ಹಾಚಿಮಿಜಿಓಗಾನ್. ಈ ಕೊನೆಯ ಎರಡರಲ್ಲೂ ಬುಶಿ ಇದೆ. ಅದು ವತ್ಸನಾಭಿಯ ಜಾತಿಯ ವಿಷದ ಗೆಡ್ಡೆ. ಕಾಯಿಸಿ ವಿಷ ಇಳಿಸಿದ ಮೇಲೆಯೇ ಔಷಧಕ್ಕೆ ಬಳಸುತ್ತಾರೆ.

ಹಂತ 5: ಸರಿಯಾಗಿ ಕುಡಿಯಿರಿ, ಅಪಾಯದ ಗುರುತು ತಿಳಿದಿರಿ

ಈಗ ಹೆಚ್ಚಿನವರು ಕಷಾಯ ಕಾಯಿಸುವುದಿಲ್ಲ, ಹರಳಿನ ಪೊಟ್ಟಣ ಸಿಗುತ್ತದೆ. ದಿನಕ್ಕೆ ಎರಡು ಅಥವಾ ಮೂರು ಸಲ, ಊಟಕ್ಕೆ ಮುಂಚೆ ಅಥವಾ ಎರಡು ಊಟಗಳ ನಡುವೆ. ನೇರವಾಗಿ ಬಾಯಿಗೆ ಹಾಕಿ ನೀರು ಕುಡಿಯುವ ಬದಲು, ಬಟ್ಟಲಿಗೆ ಹಾಕಿ ಕುದಿನೀರು ಹೊಯ್ದು, ಕರಗಿಸಿ, ಪರಿಮಳ ಹೀರುತ್ತ ಬಿಸಿಬಿಸಿಯಾಗಿ ಗುಟುಕರಿಸಿ. ಚಳಿಗೆ ಕೊಟ್ಟ ಔಷಧವನ್ನು ತಣ್ಣೀರಿನಲ್ಲಿ ನುಂಗುವುದರಲ್ಲಿ ಅರ್ಥವಿಲ್ಲ. ಕೆಲವರಿಗೆ ಕಹಿಯೂ ರುಚಿಯೆನಿಸುತ್ತದೆ. ಔಷಧ ದೇಹಕ್ಕೆ ಒಗ್ಗುತ್ತಿರುವ ಸೂಚನೆ ಎಂದು ಕಂಪೋ ವೈದ್ಯರು ಅದನ್ನೂ ಕೇಳಿ ಬರೆದುಕೊಳ್ಳುತ್ತಾರೆ.

ಗಿಡಮೂಲಿಕೆಗೆ ಅಡ್ಡಪರಿಣಾಮವಿಲ್ಲ ಎಂಬ ಮಾತನ್ನು ದಯವಿಟ್ಟು ನಂಬಬೇಡಿ. ಅತಿಮಧುರ ಅನೇಕ ಸೂತ್ರಗಳಲ್ಲಿದೆ. ಎರಡು ಮೂರು ಔಷಧ ಒಟ್ಟಿಗೆ ತೆಗೆದುಕೊಂಡರೆ ಅದರ ಪ್ರಮಾಣ ಗೊತ್ತಾಗದೆ ಏರುತ್ತದೆ. ಆಗ ರಕ್ತದಲ್ಲಿ ಪೊಟ್ಯಾಸಿಯಂ ಇಳಿದು ರಕ್ತದೊತ್ತಡ ಏರುತ್ತದೆ, ಮುಖ ಕಾಲು ಊದುತ್ತವೆ, ಸ್ನಾಯು ಸೋಲುತ್ತವೆ, ಕಾಲು ಸೆಟೆಯುತ್ತದೆ. ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರಿಗೂ ವಯಸ್ಸಾದವರಿಗೂ ಅಪಾಯ ಹೆಚ್ಚು. ಬುಶಿ ಇರುವ ಔಷಧ ಕುಡಿದ ಮೇಲೆ ನಾಲಿಗೆ ಜುಮುಗುಟ್ಟಿದರೆ, ಎದೆ ಹೊಡೆದುಕೊಂಡರೆ, ಮುಖ ಬಿಸಿಯಾಗಿ ವಾಂತಿ ಬಂದಂತಾದರೆ ನಿಲ್ಲಿಸಿ ವೈದ್ಯರಿಗೆ ತಿಳಿಸಿ. ಕಾಮಿಶೋಯೋಸಾನ್‌ನಲ್ಲಿರುವ ಸಾನ್‌ಶಿಶಿ ಎಂಬ ಗಾರ್ಡೇನಿಯಾ ಕಾಯಿಯನ್ನು ಹಲವು ವರ್ಷ ನಿರಂತರ ಸೇವಿಸಿದವರಲ್ಲಿ ದೊಡ್ಡ ಕರುಳಿನ ಸಿರೆಗಳು ಗಟ್ಟಿಯಾದ ಪ್ರಕರಣಗಳಿವೆ. ದೀರ್ಘಕಾಲ ಕುಡಿಯುವವರು ಕರುಳಿನ ಪರೀಕ್ಷೆಯ ಬಗ್ಗೆ ಕೇಳಬೇಕು.

ಹಂತ 6: ಮನೆಯಲ್ಲಿ ಬಿಸಿ ಹುಟ್ಟಿಸಿ, ಹುಟ್ಟಿದ್ದನ್ನು ಕಾಪಾಡಿ

ಜಪಾನಿನ ಹಳೆಯ ಮನೆಗಳು ಬೇಸಿಗೆಯ ಧಗೆ ತಡೆಯಲು ಕಟ್ಟಿದವು, ಚಳಿಗಲ್ಲ. ಕೂತ ಕೋಣೆ ಮಾತ್ರ ಬೆಚ್ಚಗೆ, ಮೊಗಸಾಲೆ, ಬಚ್ಚಲು, ಶೌಚಾಲಯ ಕೊರೆಯುವಂತೆ. ವಿಶ್ವ ಆರೋಗ್ಯ ಸಂಸ್ಥೆ ಚಳಿಗಾಲದಲ್ಲಿ ಮನೆಯೊಳಗೆ ಕನಿಷ್ಠ 18 ಡಿಗ್ರಿ ಇರಲಿ ಎನ್ನುತ್ತದೆ. ಹೊಸದಾಗಿ ಬಾಡಿಗೆ ಮನೆ ಹಿಡಿಯುವವರು ಕಿಟಕಿಗೆ ಎರಡು ಪದರದ ಗಾಜಿದೆಯೇ ಎಂದು ನೋಡಿಕೊಳ್ಳುವುದು ಯಾವ ಔಷಧಕ್ಕೂ ಕಡಿಮೆಯಲ್ಲ.

ಉಡುಪಿನಲ್ಲಿ ಜಪಾನೀಯರ ಸೂತ್ರ ಮೂರು ಜಾಗ: ಕುತ್ತಿಗೆ, ಮಣಿಕಟ್ಟು, ಪಾದದ ಗಂಟು. ಇಲ್ಲೆಲ್ಲ ರಕ್ತನಾಳ ಚರ್ಮದ ಹತ್ತಿರವೇ ಹರಿಯುವುದರಿಂದ ಬಿಸಿ ಬೇಗ ಸೋರುತ್ತದೆ. ಇವಕ್ಕೆ ಸೇರಿಸಬೇಕಾದದ್ದು ಹರಾಮಾಕಿ, ಹೊಟ್ಟೆಯ ಸುತ್ತ ಧರಿಸುವ ಹೆಣೆದ ಪಟ್ಟಿ. ಬೆಂಗಳೂರಿನ ಎ.ಸಿ. ಕಚೇರಿಯಲ್ಲಿ ನಡುಗುವವರಿಗೂ ಅಂಗಿಯೊಳಗೆ ತೆಳುವಾದ ಹತ್ತಿಯ ಪಟ್ಟಿ ನೆರವಾಗಬಹುದು. ಹೊಟ್ಟೆ ತಣ್ಣಗಾಗಬಾರದು ಎಂಬ ಕಾಳಜಿ ಜಪಾನಿನಲ್ಲಿ ಆಳವಾಗಿದೆ. ಗರ್ಭಿಣಿಯರು ಐದನೇ ತಿಂಗಳಿನಲ್ಲಿ, ಪಂಚಾಂಗದ ‘ನಾಯಿಯ ದಿನ’ದಂದು ದೇವಾಲಯಕ್ಕೆ ಹೋಗಿ ಹೊಟ್ಟೆಗೆ ಪಟ್ಟಿ ಕಟ್ಟಿಸಿಕೊಳ್ಳುವ ಸಂಪ್ರದಾಯವಿದೆ. ಟೋಕಿಯೋದ ಸುಯ್‌ತೆನ್‌ಗೂ ಇದಕ್ಕೆ ಹೆಸರಾದ ದೇವಾಲಯ.

ಹಾಸಿಗೆ ಬೆಚ್ಚಗಾಗಿಸಲು ಯುತಾನ್‌ಪೋ, ಅಂದರೆ ಬಿಸಿನೀರಿನ ಪಾತ್ರೆ. ನೀರು ತುಂಬಿ, ಮುಚ್ಚಳ ಬಿಗಿದು, ದಪ್ಪ ಬಟ್ಟೆಯ ಚೀಲಕ್ಕೆ ಹಾಕಿ, ಮಲಗುವುದಕ್ಕೆ ಸ್ವಲ್ಪ ಮೊದಲು ಹಾಸಿಗೆಯ ಕಾಲ್ದೆಸೆಯಲ್ಲಿಡಿ. ನೀವು ಮಲಗುವಾಗ ಹೊರಗೆ ತೆಗೆಯಿರಿ. ತೆಗೆಯಲೇಬೇಕು. ಚರ್ಮಕ್ಕೆ 44 ಡಿಗ್ರಿಯ ವಸ್ತು ಮೂರು ನಾಲ್ಕು ಗಂಟೆ ತಾಗಿದ್ದರೆ ಸುಟ್ಟಗಾಯವಾಗುತ್ತದೆ, 46 ಡಿಗ್ರಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಸಾಕು. ಆ ಹೊತ್ತಿಗೆ ಹಿತವಾಗಿಯೇ ಇರುವುದರಿಂದ ಎಚ್ಚರವಾಗುವುದಿಲ್ಲ. ಮೇಲೆ ಚಿಕ್ಕದಾಗಿ ಕಂಡರೂ ಗಾಯ ಆಳವಾಗಿರುತ್ತದೆ. ಅಂಟಿಸಿಕೊಳ್ಳುವ, ತಾನೇ ಬಿಸಿಯಾಗುವ ಕಾಯ್ರೋ ಪೊಟ್ಟಣಕ್ಕೂ ಇದೇ ನಿಯಮ: ಬಟ್ಟೆಯ ಮೇಲೆ ಮಾತ್ರ, ನಿದ್ದೆಯಲ್ಲಿ ಬೇಡ. ಮಧುಮೇಹದಿಂದ ಪಾದದ ಸ್ಪರ್ಶ ಕುಂದಿದವರು ಇವೆರಡನ್ನೂ ಬಳಸಲೇಬಾರದು.

ಸ್ನಾನ ಜಪಾನೀಯರ ದೊಡ್ಡ ಔಷಧ. ಮೈ ತೊಳೆದ ಮೇಲೆ ತೊಟ್ಟಿಯಲ್ಲಿ 38ರಿಂದ 40 ಡಿಗ್ರಿಯ ನೀರಿನಲ್ಲಿ ಸುಮ್ಮನೆ ಕೂರುವುದು. ತುಂಬ ಬಿಸಿಯಾದ ನೀರು ಚರ್ಮವನ್ನು ಕೆಂಪಾಗಿಸುತ್ತದೆ, ಒಳಗೆ ಇಳಿಯುವುದಿಲ್ಲ. ಎದ್ದ ಮೇಲೆ ಬೇಗ ತಣ್ಣಗಾಗುತ್ತೀರಿ. ಚಳಿಗಾಲದ ಅಯನ ಸಂಕ್ರಮಣದ ದಿನ (ಡಿಸೆಂಬರ್ 21–22ರ ಸುಮಾರು) ಯುಜು ನಿಂಬೆಹಣ್ಣುಗಳನ್ನು ತೊಟ್ಟಿಯಲ್ಲಿ ತೇಲಿಬಿಟ್ಟು ಮೀಯುವುದು ವಾಡಿಕೆ. ಆದರೆ ಅಪ್ಪ ಅಮ್ಮ ಊರಿನಿಂದ ಬಂದಿದ್ದಾರೆ ಎನ್ನುವವರು ಗಮನಿಸಿ: ಕೊರೆಯುವ ಬಚ್ಚಲಿನಿಂದ ಬಿಸಿನೀರಿಗೆ ಇಳಿದಾಗ ರಕ್ತದೊತ್ತಡ ಏರಿಳಿದು ವಯಸ್ಸಾದವರು ತೊಟ್ಟಿಯಲ್ಲೇ ಪ್ರಾಣ ಕಳೆದುಕೊಳ್ಳುವುದು ಜಪಾನಿನಲ್ಲಿ ಪ್ರತಿ ಚಳಿಗಾಲದ ದುರಂತ. ಬಟ್ಟೆ ಬದಲಿಸುವ ಕೋಣೆಯನ್ನು ಮೊದಲು ಬೆಚ್ಚಗೆ ಮಾಡಿ. ನೀರು 41 ಡಿಗ್ರಿ ಮೀರದಿರಲಿ, 10 ನಿಮಿಷದಲ್ಲಿ ಎದ್ದುಬಿಡಲಿ. ತೊಟ್ಟಿ ಇಲ್ಲದ ನಮ್ಮ ಮನೆಗಳಲ್ಲಿ ಬಕೆಟ್‌ನಲ್ಲಿ ಮೀನಖಂಡ ಮುಳುಗುವಷ್ಟು ಬಿಸಿನೀರಿಟ್ಟು ಕಾಲು ಇಳಿಬಿಟ್ಟು ಕೂತರೂ ಹಿತ. ಕೂಡಲೇ ಒರೆಸಿ ಸಾಕ್ಸ್ ಹಾಕಿಕೊಳ್ಳಿ.

ಒತ್ತುವ ಬಿಂದುಗಳಲ್ಲಿ ಸಾನ್‌ಇನ್‌ಕೋ ಒಂದನ್ನು ಕಲಿತರೆ ಸಾಕು. ಪಾದದ ಒಳಗಂಟಿನ ಮೇಲೆ ನಿಮ್ಮದೇ ನಾಲ್ಕು ಬೆರಳು ಅಡ್ಡಲಾಗಿ ಇಡಿ. ಬೆರಳು ಮುಗಿದಲ್ಲಿ, ಮೊಣಕಾಲಿನಿಂದ ಕೆಳಗಿಳಿಯುವ ಮುಂಗಾಲ ಮೂಳೆಯ ಹಿಂಬದಿಯ ಅಂಚಿನಲ್ಲಿ, ಒತ್ತಿದರೆ ಸಣ್ಣಗೆ ನೋಯುವ ತಗ್ಗು ಸಿಗುತ್ತದೆ. ಹೆಬ್ಬೆರಳಿನಿಂದ ಉಸಿರು ಬಿಡುತ್ತ ನಿಧಾನವಾಗಿ ಒತ್ತಿ, ಬಿಡಿ. ಗರ್ಭಿಣಿಯರು ಇದನ್ನು ಒತ್ತಬಾರದು. ಇದೇ ಜಾಗದಲ್ಲಿ ಓಕ್ಯೂ, ಅಂದರೆ ದವನದ ಕುಲಕ್ಕೆ ಸೇರಿದ ಯೊಮೊಗಿ ಎಲೆಯ ನಾರನ್ನು ಉರಿಸಿ ಬಿಸಿ ಕೊಡುವ ಚಿಕಿತ್ಸೆಯೂ ಇದೆ. ಶಿಗಾ ಪ್ರಾಂತ್ಯದ ಇಬುಕಿ ಬೆಟ್ಟದ ಯೊಮೊಗಿ ಎದೊ ಕಾಲದಿಂದಲೇ ಪ್ರಸಿದ್ಧ. ಅದಕ್ಕೆ ಸರ್ಕಾರಿ ಪರವಾನಗಿ ಪಡೆದ ಚಿಕಿತ್ಸಕರಿದ್ದಾರೆ, ಅವರ ಕೈಯಲ್ಲೇ ಮಾಡಿಸಿಕೊಳ್ಳಿ.

ಇಷ್ಟೆಲ್ಲ ಮಾಡಿದರೂ ಬಿಸಿ ಹುಟ್ಟಿಸುವ ಮುಖ್ಯ ಒಲೆ ಸ್ನಾಯುವೇ. ಕುರ್ಚಿ ಹಿಡಿದು ನಿಂತು ಹಿಮ್ಮಡಿ ಎತ್ತಿ ಇಳಿಸುವುದು, ಅರ್ಧ ಬಸ್ಕಿ, ಮೆಟ್ಟಿಲು ಹತ್ತುವುದು, ಇವುಗಳಲ್ಲಿ ಒಂದಾದರೂ ದಿನವೂ ನಡೆಯಲಿ. ಬೆಳಗಿನ ಉಪಾಹಾರ ಬಿಡಬೇಡಿ, ಅದರಲ್ಲಿ ಬೇಳೆಯೋ ಮೊಳಕೆ ಕಾಳೋ ತೋಫುವೋ ಇರಲಿ. ಪ್ರೋಟೀನ್ ಜೀರ್ಣವಾಗುವಾಗಲೇ ದೇಹ ಬಿಸಿ ಹುಟ್ಟಿಸುತ್ತದೆ. ಹುದುಗಿಸಿದ ಸೋಯಾ ಹಿಟ್ಟಿನ ಮಿಸೋ ಸಾರಿಗೆ ಹಸಿಶುಂಠಿ ತುರಿದು ಹಾಕುವ ಜಪಾನೀ ಪದ್ಧತಿ ನಮ್ಮ ತಿಳಿಸಾರಿಗೂ ಒಗ್ಗುತ್ತದೆ. ಉಪಾಹಾರಗೃಹದಲ್ಲಿ ಕೂತ ಕೂಡಲೇ ತಂದಿಡುವ ಐಸ್ ನೀರಿನ ಬದಲು ಬಿಸಿನೀರು ಕೇಳಿ. ‘ಒಯು’ ಎಂದರೆ ತಂದುಕೊಡುತ್ತಾರೆ.

ಹಂತ 7: ಕಾದು ನೋಡಿ, ಅಳೆಯಿರಿ

ಔಷಧ ಶುರುಮಾಡಿ ಎರಡರಿಂದ ನಾಲ್ಕು ವಾರಕ್ಕೆ ಮತ್ತೆ ವೈದ್ಯರನ್ನು ಕಾಣಬೇಕು. ಪಾದ ಬೆಚ್ಚಗಾಯಿತೇ ಎಂಬ ಒಂದೇ ಪ್ರಶ್ನೆ ಹಿಡಿದು ಕೂರಬೇಡಿ. ನಿದ್ದೆ ಹತ್ತಲು ಹಿಡಿಯುವ ಹೊತ್ತು ಕಡಿಮೆಯಾಯಿತೇ, ರಾತ್ರಿ ಏಳುವುದು ತಪ್ಪಿತೇ, ಮಲ ಗಟ್ಟಿಯಾಯಿತೇ, ಮುಟ್ಟಿನ ನೋವು ಇಳಿಯಿತೇ ಎಂದು ಹಳೆಯ ಹಾಳೆಯ ಪಕ್ಕದಲ್ಲೇ ಬರೆಯಿರಿ. ಚಳಿಗಿಂತ ಮೊದಲು ಬದಲಾಗುವುದು ಸಾಮಾನ್ಯವಾಗಿ ಇವೇ. ಏನೂ ಬದಲಾಗದಿದ್ದರೆ ಸೂತ್ರ ಬದಲಿಸಲು ಕೇಳಲು ಸಂಕೋಚ ಬೇಡ. ಶಿಮೊಯಾಕೆ ಆಗುವವರು ಚಳಿ ಕೊರೆಯುವವರೆಗೆ ಕಾಯದೆ ಶರತ್ಕಾಲದಲ್ಲೇ ವೈದ್ಯರನ್ನು ಕಾಣುವುದು ಜಾಣತನ. ಬೇಸಿಗೆ ಬಂದಾಗ ಅದೇ ಔಷಧ ಬೇಕೇ ಬೇಡವೇ ಎಂದೂ ಕೇಳಿ, ಏಕೆಂದರೆ ಬಿಸಿ ಮಾಡುವ ಔಷಧ ಸೆಕೆಯಲ್ಲಿ ಮುಖ ಕೆಂಪಾಗಿಸಬಹುದು.

ಜಪಾನಿನಲ್ಲಿ ಔಷಧಾಲಯದವರು ‘ಒಕುಸುರಿ ತೆಚೋ’ ಎಂಬ ಪುಟ್ಟ ಔಷಧ ಪುಸ್ತಕ ಕೊಡುತ್ತಾರೆ. ಊರಿಗೆ ಬರುವಾಗ ಅದನ್ನು ತನ್ನಿ. ಹೆಸರು ಜಪಾನೀ ಲಿಪಿಯಲ್ಲಿರುವುದರಿಂದ ದ್ರವ್ಯಗಳ ಪಟ್ಟಿಯನ್ನು, ಅದರಲ್ಲೂ ಅತಿಮಧುರ ಮತ್ತು ಬುಶಿ ಇವೆಯೇ ಎಂಬುದನ್ನು, ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ. ಇಲ್ಲಿ ಆಯುರ್ವೇದದ ಕಷಾಯ ಬರೆಸಿಕೊಳ್ಳುವುದಾದರೆ ವೈದ್ಯರಿಗೆ ಮೊದಲು ಆ ಪಟ್ಟಿ ತೋರಿಸಿ. ಎರಡು ಕಡೆಯಿಂದಲೂ ಅತಿಮಧುರ ಸೇರಿ ಪ್ರಮಾಣ ಇಮ್ಮಡಿಯಾಗದಂತೆ ನೋಡಿಕೊಳ್ಳಲು ಅವರಿಗೆ ಅಷ್ಟು ಮಾಹಿತಿ ಬೇಕೇ ಬೇಕು.